ಎಲುಬಿನ ಸುಣ್ಣ ಮತ್ತು ಕತ್ತಿನ ನೀರುಗಂಟಿ



ಸೊಂಟ ನೋವು, ಕೈಕಾಲು ನೋವು ಬಂದೊಡನೆ ಪೇಟೆಗೆ ಹೋಗಿ ‘ಶಕ್ತಿ ಇಂಜೆಕ್ಷನ್’ ಹಾಕಿಸಿಕೊಂಡು ಬರುವವರು ನಮ್ಮಲ್ಲಿ ಉಂಟು. ಡಿ ಜೀವಸತ್ವದ ಸೂಜಿಯೂ ಅಂಥದೊಂದು. ಒಂದೇ ಸೂಜಿಯಲ್ಲಿ 6 ಲಕ್ಷ ಯೂನಿಟ್ ಇರುವುದುಂಟು. ಅನೇಕರಿಗೆ ಈ ಜೀವಸತ್ವ ಬೇಕಾಗಿರುವುದು ನಿಜ. ಆದರೆ ಕೆಲವರಿಗೆ ಅದರಿಂದ ಅಪಾಯವಾದೀತು. ಯಾರಿಗೆ, ಏಕೆ ಎಂಬುದನ್ನು ತಿಳಿಯೋಣ.

ನಮ್ಮ ಮೈಯಲ್ಲಿರುವ ಕ್ಯಾಲ್ಸಿಯಂ, ಅಂದರೆ ಸುಣ್ಣದ ಅಂಶದಲ್ಲಿ, ನೂರಕ್ಕೆ 99 ಪಾಲು ಎಲುಬು ಹಲ್ಲುಗಳಲ್ಲಿದೆ. ಎಲುಬನ್ನು ಊರ ಕೆರೆಯೆಂದೂ ರಕ್ತವನ್ನು ಕಾಲುವೆಯೆಂದೂ ಭಾವಿಸಿರಿ. ಕಾಲುವೆಗೆ ನೀರು ಬಿಡಲು ನೀರುಗಂಟಿ ಬೇಕಷ್ಟೆ? ಕತ್ತಿನಲ್ಲಿ, ಥೈರಾಯ್ಡ್ ಗ್ರಂಥಿಯ ಹಿಂದೆ, ಸಾಮಾನ್ಯವಾಗಿ 4 ಪುಟ್ಟ ಗ್ರಂಥಿಗಳಿವೆ. ಇವು ಪ್ಯಾರಾಥೈರಾಯ್ಡ್ ಗ್ರಂಥಿಗಳು. ರಕ್ತದಲ್ಲಿ ಸುಣ್ಣ ಇಳಿದರೆ ಇವು ತಮ್ಮ ರಸವನ್ನು ಕಳುಹಿಸಿ ಎಲುಬಿನ ತೂಬು ಎತ್ತುತ್ತವೆ. ಸಾಕಾದಾಗ ಇಳಿಸುತ್ತವೆ.

ಡಿ ಜೀವಸತ್ವ ಬಿಸಿಲಿನಿಂದ ಚರ್ಮದಲ್ಲಿ ಹುಟ್ಟುತ್ತದೆ. ಪಿತ್ತಜನಕಾಂಗ ಅದನ್ನು ಕೂಡಿಡುವ ರೂಪಕ್ಕೆ ತರುತ್ತದೆ. ಇದು ಕಣಜದ ಭತ್ತವಿದ್ದಂತೆ. ಮೂತ್ರಪಿಂಡವು ಆ ಭತ್ತವನ್ನು ಅಕ್ಕಿ ಮಾಡಿದ ಮೇಲೆಯೇ ಅದು ಊಟದಲ್ಲಿನ ಸುಣ್ಣವನ್ನು ಕರುಳಿನಿಂದ ರಕ್ತಕ್ಕೆ ಸೇರಿಸಬಲ್ಲದು. ‘ಅಕ್ಕಿ ಮಾಡು’ ಎಂದು ಅಪ್ಪಣೆ ಕೊಡುವುದೂ ಪ್ಯಾರಾಥೈರಾಯ್ಡ್ ರಸವೇ.

ಈ ನೀರುಗಂಟಿ ಮಿತಿಮೀರಿ ದುಡಿಯುವುದು ಮುಖ್ಯವಾಗಿ 2 ಕಾರಣಗಳಿಂದ.

ಮೊದಲನೆಯದು, ಡಿ ಜೀವಸತ್ವದ ಕೊರತೆ. ಊಟದ ಸುಣ್ಣ ಮೈಗೆ ಹತ್ತದು. ಆಗ ಗ್ರಂಥಿಗಳು ವಿಧಿಯಿಲ್ಲದೆ ಎಲುಬಿನಿಂದ ಸುಣ್ಣ ತೆಗೆಯುತ್ತವೆ. ರಕ್ತದಲ್ಲಿ ಸುಣ್ಣ ಸರಿಯಾಗಿಯೋ ಕಡಿಮೆಯೋ ಇರುತ್ತದೆ. ಇಲ್ಲಿ ಡಿ ಜೀವಸತ್ವವೇ ಮದ್ದು.

ಎರಡನೆಯದು, ಗ್ರಂಥಿಯಲ್ಲೇ ಗಡ್ಡೆ ಬೆಳೆಯುವುದು. ಬಹುಪಾಲು ಇದು ಕ್ಯಾನ್ಸರ್ ಅಲ್ಲ. ಆದರೆ ನೀರುಗಂಟಿ ತೂಬು ಇಳಿಸುವುದನ್ನೇ ಮರೆಯುತ್ತಾನೆ. ಎಲುಬು ಸೊರಗುತ್ತದೆ, ರಕ್ತದಲ್ಲಿ ಸುಣ್ಣ ಏರುತ್ತದೆ, ಮೂತ್ರಪಿಂಡದಲ್ಲಿ ಕಲ್ಲು ಕಟ್ಟುತ್ತದೆ. ಭತ್ತವೆಲ್ಲ ಬೇಗ ಅಕ್ಕಿಯಾಗಿ ಕಣಜ ಬರಿದಾಗುತ್ತದೆ. ಸಾಮಾನ್ಯ ರಕ್ತಪರೀಕ್ಷೆ ಅಳೆಯುವುದು ಕಣಜದ ಭತ್ತವನ್ನು. ಆದ್ದರಿಂದ ‘ಡಿ ಕಡಿಮೆ’ ಎಂಬ ಚೀಟಿ ಎರಡು ರೋಗದಲ್ಲಿಯೂ ಬರಬಹುದು. ಎರಡನೆಯವರಿಗೆ ಹಿಂದುಮುಂದು ನೋಡದೆ ದೊಡ್ಡ ಸೂಜಿ ಕೊಟ್ಟರೆ ರಕ್ತದ ಸುಣ್ಣ ಇನ್ನೂ ಏರೀತು. ಡಿ ಜೀವಸತ್ವ ಕೊಬ್ಬಿನಲ್ಲಿ ತಿಂಗಳುಗಟ್ಟಲೆ ನಿಲ್ಲುವುದರಿಂದ, ಕೊಟ್ಟುದನ್ನು ಹಿಂದಕ್ಕೆ ತೆಗೆಯಲಾಗದು.

ವೈದ್ಯರೂ ಇದನ್ನು ಕಷ್ಟಪಟ್ಟೇ ಕಲಿತರು. ವಿಯೆನ್ನಾ ನಗರದ ಟ್ರಾಮ್ ಕಂಡಕ್ಟರ್ ಒಬ್ಬನ ಎಲುಬು ಸವೆದಾಗ, ಗ್ರಂಥಿರಸ ಸಾಲದೆಂದು ತಿಳಿದು ಫೆಲಿಕ್ಸ್ ಮಾಂಡಲ್ ಎಂಬ ಶಸ್ತ್ರವೈದ್ಯರು ಇನ್ನಷ್ಟು ರಸ ಕೊಟ್ಟರು, ಗುಣವಾಗಲಿಲ್ಲ. 1925ರಲ್ಲಿ ಗಡ್ಡೆಯನ್ನೇ ತೆಗೆದಾಗ ನೋವು ಇಳಿಯಿತು. ಇಂದಿಗೂ ಗಡ್ಡೆ ತೆಗೆಯುವುದೇ ಇದನ್ನು ಗುಣಪಡಿಸುವ ದಾರಿ.

ಹಾಗಾದರೆ ನೀವು ಮಾಡಬೇಕಾದುದೇನು?

1. ಮೂಳೆ ನೋವಿನ ಜೊತೆಗೆ ಪದೇ ಪದೇ ಮೂತ್ರದಲ್ಲಿ ಕಲ್ಲು, ಅತಿ ಬಾಯಾರಿಕೆ, ಮಲಬದ್ಧತೆ, ನಿಶ್ಶಕ್ತಿ, ಸಣ್ಣ ಪೆಟ್ಟಿಗೇ ಎಲುಬು ಮುರಿಯುವುದು ಇದ್ದರೆ ವೈದ್ಯರಿಗೆ ತಿಳಿಸಿರಿ.

2. ದೊಡ್ಡ ಸೂಜಿಗೆ ಮೊದಲು, ‘ರಕ್ತದ ಕ್ಯಾಲ್ಸಿಯಂ ನೋಡಿದ್ದೀರಾ?’ ಎಂದು ಕೇಳಿರಿ. ಅದು ಹೆಚ್ಚಿದ್ದರೆ ಪ್ಯಾರಾಥೈರಾಯ್ಡ್ ರಸದ ಪರೀಕ್ಷೆಯೂ ಬೇಕು.

3. ಗಡ್ಡೆಯಿದ್ದವರಿಗೂ ಕೊರತೆ ಕಂಡರೆ ವೈದ್ಯರು ಡಿ ಕೊಡುವುದುಂಟು. ಆದರೆ ಅಳತೆಯಲ್ಲಿ, ಮತ್ತೆ ಮತ್ತೆ ರಕ್ತ ಪರೀಕ್ಷಿಸುತ್ತ ಕೊಡುತ್ತಾರೆ.

4. ಹೆದರಿ ರಾಗಿ, ಹಾಲು ಬಿಡಬೇಡಿರಿ. ನೀರು ಚೆನ್ನಾಗಿ ಕುಡಿಯಿರಿ.

ಮಣ್ಣು ಪರೀಕ್ಷಿಸದೆ ಗೊಬ್ಬರ ಸುರಿಯುವುದು ಜಾಣತನವಲ್ಲ. ಮೈಯ ವಿಷಯದಲ್ಲಿಯೂ ಮೊದಲು ಪರೀಕ್ಷೆ, ಆಮೇಲೆ ಮದ್ದು.