ದೆಹಲಿಗೆ ರೈಲಿನಲ್ಲಿ ಹೊರಟಿದ್ದೀರಾ? ಮೊದಲು ದಿನಾಂಕ ನೋಡಿ

ಬೆಂಗಳೂರಿನಿಂದ ದೆಹಲಿಗೆ ವಿಮಾನದಲ್ಲಿ ಸುಮಾರು ಮೂರು ಗಂಟೆಯ ದಾರಿ. ರೈಲಿನಲ್ಲಿ ಎರಡು ರಾತ್ರಿ, ಒಂದು ಹಗಲು. ನಾಲ್ಕೈದು ಮಂದಿ, ತುಂಬ ಸಾಮಾನು, ಮಂಡಿನೋವಿನ ಹಿರಿಯರು ಜೊತೆಗಿದ್ದರೆ ರೈಲೇ ವಾಸಿ ಎಂಬುದು ನನ್ನ ಅಭಿಪ್ರಾಯ. ಬೇಕೆನಿಸಿದಾಗ ಕಾಲು ಚಾಚಿ ಮಲಗಬಹುದು, ಮನೆಯ ಬುತ್ತಿ ಬಿಚ್ಚಿ ಉಣ್ಣಬಹುದು. ಈ ಪ್ರಯಾಣ ಕೆಡುವುದು ಹೆಚ್ಚಾಗಿ ಟಿಕೆಟ್ ಕೊಳ್ಳುವಾಗಲೇ. ಹಾಗಾಗಿ ಆ ಮಾತೇ ಇಲ್ಲಿ ಜಾಸ್ತಿ.

ಯಾವ ರೈಲು?

ಕರ್ನಾಟಕ ಎಕ್ಸ್‌ಪ್ರೆಸ್ ದಿನವೂ ಸಂಜೆ ಕೆಎಸ್ಆರ್ ಬೆಂಗಳೂರಿನಿಂದ ಹೊರಟು ರಾಯಚೂರು, ಕಲಬುರಗಿ, ಸೊಲ್ಲಾಪುರ, ಮನ್ಮಾಡ್, ಭೋಪಾಲ್ ಮಾರ್ಗವಾಗಿ ಹೋಗುತ್ತದೆ. ರಾಜಧಾನಿ ಇನ್ನೂ ಬೇಗ ತಲುಪುತ್ತದೆ, ಆದರೆ ಸೀಟು ತುಂಬುತ್ತಾ ಹೋದಂತೆ ಅದರ ದರವೂ ಏರುತ್ತದೆ. ಕೊನೆಗೆ ವಿಮಾನದ ದರದೊಂದಿಗೆ ಹೋಲಿಸಿ ನೋಡುವುದು ಒಳ್ಳೆಯದು. ಬೆಳಗಾವಿ ಕಡೆಯವರಿಗೆ ಗೋವಾ ಎಕ್ಸ್‌ಪ್ರೆಸ್ ಇದೆ. ತಾಜಮಹಲ್ ನೋಡುವ ಉದ್ದೇಶವಿದ್ದರೆ ದೆಹಲಿವರೆಗೂ ಹೋಗಿ ವಾಪಸ್ ಬರಬೇಡಿ. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ದೆಹಲಿಗಿಂತ ಮೊದಲೇ ಆಗ್ರಾ ಕಂಟೋನ್ಮೆಂಟ್ ಸಿಗುತ್ತದೆ, ಅಲ್ಲೇ ಇಳಿಯಿರಿ.

ಮುಂಗಡ ಕಾಯ್ದಿರಿಸುವಿಕೆ 2024ರ ನವೆಂಬರ್‌ನಿಂದ 60 ದಿನಕ್ಕೆ ಇಳಿದಿದೆ. ಮೊದಲಿನ 120 ದಿನದ ಲೆಕ್ಕದಲ್ಲೇ ಇನ್ನೂ ಇರುವವರು ಗಮನಿಸಿ. ಬೆಳಿಗ್ಗೆ 8 ಗಂಟೆಗೆ ಬುಕಿಂಗ್ ತೆರೆಯುತ್ತದೆ. ಆನ್‌ಲೈನ್ ಬುಕಿಂಗ್ ಖಾತೆಗೆ ಆಧಾರ್ ಜೋಡಿಸುವ ಕೆಲಸ ಹಿಂದಿನ ವಾರವೇ ಮುಗಿದಿರಲಿ.

ದಿನಾಂಕದ ತಪ್ಪು

ಉತ್ತರ ಕರ್ನಾಟಕದ ಓದುಗರು ಇದನ್ನು ದಯವಿಟ್ಟು ಎರಡು ಸಲ ಓದಿ. 10ನೇ ತಾರೀಖು ಸಂಜೆ ಬೆಂಗಳೂರು ಬಿಟ್ಟ ಕರ್ನಾಟಕ ಎಕ್ಸ್‌ಪ್ರೆಸ್ ರಾಯಚೂರಿಗೆ ಬರುವಷ್ಟರಲ್ಲಿ ನಡುರಾತ್ರಿ ದಾಟಿರುತ್ತದೆ. ರೈಲ್ವೆಗೆ ಆಗಲೇ 11ನೇ ತಾರೀಖು. ರಾಯಚೂರಿನಲ್ಲಿ ಹತ್ತುವವರ ಟಿಕೆಟ್ಟಿನ ಮೇಲೂ 11 ಎಂದೇ ಅಚ್ಚಾಗಿರುತ್ತದೆ. ನಮ್ಮ ಮನೆಗಳಲ್ಲಿ ಮಾತ್ರ ಮಲಗಿ ಎದ್ದ ಮೇಲೇ ಮರುದಿನ. ಹೀಗಾಗಿ ಎಷ್ಟೋ ಮಂದಿ 11ರ ರಾತ್ರಿ ಗಂಟುಮೂಟೆ ಸಮೇತ ನಿಲ್ದಾಣಕ್ಕೆ ಬರುತ್ತಾರೆ. ಅವರ ರೈಲು ಹಿಂದಿನ ರಾತ್ರಿಯೇ ಹೋಗಿಯಾಗಿದೆ, ಬರ್ತ್ ಬೇರೆಯವರ ಪಾಲಾಗಿದೆ, ಹಣವೂ ವಾಪಸ್ ಬರುವುದಿಲ್ಲ. ಮದುವೆಗೆ ಹೊರಟ ಇಡೀ ಬಂಧುಬಳಗ ಹೀಗೆ ಪ್ಲಾಟ್‌ಫಾರಂ ಮೇಲೆ ಕಂಗಾಲಾಗಿ ಕೂತದ್ದನ್ನು ಕಂಡಿದ್ದೇನೆ. ಅವರಲ್ಲಿ ಓದಿದವರೂ ಇದ್ದರು.

ಮಾಡಬೇಕಾದ್ದು ಇಷ್ಟು: ಟಿಕೆಟ್ಟಿನಲ್ಲಿ ಹೊರಡುವ ಸಮಯ 00:00ರಿಂದ 04:00ರ ಒಳಗಿದ್ದರೆ ಅಲ್ಲಿರುವ ತಾರೀಖಿನ ಹಿಂದಿನ ರಾತ್ರಿಯ ಊಟ ಮುಗಿಸಿ ನಿಲ್ದಾಣಕ್ಕೆ ಹೊರಡಬೇಕು. ಕ್ಯಾಲೆಂಡರಿನಲ್ಲಿ ಆ ಹಿಂದಿನ ದಿನಕ್ಕೇ ಗುರುತು ಹಾಕಿ. ಮನೆಯವರಿಗೆ ಹೇಳುವಾಗ ಬರೀ ತಾರೀಖು ಹೇಳಬೇಡಿ, ‘ಮಂಗಳವಾರ ರಾತ್ರಿ ಉಂಡು ಹೊರಡೋದು’ ಎಂದು ಹೇಳಿ. ಆಟೊದವರಿಗೂ ಹಾಗೆಯೇ.

ಇದಕ್ಕೆ ಹೊಂದಿಕೊಂಡ ಇನ್ನೊಂದು ತೊಡಕಿದೆ. ನಡುವಿನ ನಿಲ್ದಾಣಗಳಿಂದ ಸೀಟು ಸಿಗದಿದ್ದಾಗ ಬೆಂಗಳೂರಿನಿಂದಲೇ ಟಿಕೆಟ್ ತೆಗೆದು, ಹತ್ತುವ ನಿಲ್ದಾಣ ರಾಯಚೂರು ಎಂದು ನಮೂದಿಸುವ ಕ್ರಮವಿದೆ. ದುಡ್ಡು ಸ್ವಲ್ಪ ಹೆಚ್ಚು, ಆದರೆ ಸೀಟು ಸಿಗುವ ಸಾಧ್ಯತೆಯೂ ಹೆಚ್ಚು. ಆಗ ಬುಕಿಂಗ್‌ನಲ್ಲಿ ಆರಿಸಬೇಕಾದ್ದು ರೈಲು ಬೆಂಗಳೂರು ಬಿಡುವ 10ನೇ ತಾರೀಖು. ನೀವು ಹತ್ತುವುದು 11 ಎಂದುಕೊಂಡು 11ಕ್ಕೆ ತೆಗೆದರೆ ಒಂದು ದಿನ ತಡವಾದ ರೈಲು ಸಿಗುತ್ತದೆ. ಹತ್ತುವ ನಿಲ್ದಾಣ ನಮೂದಿಸುವುದನ್ನು ಮರೆತರೆ, ಬೆಂಗಳೂರಿನಲ್ಲಿ ನೀವು ಕಾಣಲಿಲ್ಲವೆಂದು ಟಿಟಿಇ ನಿಮ್ಮ ಬರ್ತನ್ನು ಬೇರೆಯವರಿಗೆ ಕೊಡಬಹುದು.

ವೇಟಿಂಗ್ ಲಿಸ್ಟ್

ಸಂಖ್ಯೆಯೊಂದನ್ನೇ ನೋಡಬೇಡಿ, ಅದರ ಹಿಂದಿನ ಅಕ್ಷರ ನೋಡಿ. ಜಿಎನ್‌ಡಬ್ಲ್ಯುಎಲ್ ಎಂದಿದ್ದರೆ ಖಚಿತವಾಗುವ ಸಂಭವ ಹೆಚ್ಚು. ಪಿಕ್ಯುಡಬ್ಲ್ಯುಎಲ್ ಅಥವಾ ಆರ್‌ಎಲ್‌ಡಬ್ಲ್ಯುಎಲ್ ಎಂದಿದ್ದರೆ ಹತ್ತನೆಯ ಸಂಖ್ಯೆಯನ್ನೂ ನಂಬಿ ಕೂರಬೇಡಿ. ಆನ್‌ಲೈನ್ ಟಿಕೆಟ್ ಕೊನೆಯವರೆಗೂ ವೇಟಿಂಗ್‌ನಲ್ಲೇ ಉಳಿದರೆ ತಾನಾಗಿಯೇ ರದ್ದಾಗುತ್ತದೆ, ಅದನ್ನು ಹಿಡಿದು ರೈಲು ಹತ್ತುವಂತಿಲ್ಲ. ಆರ್‌ಎಸಿ ಇದ್ದರೆ ಹತ್ತಬಹುದು, ಆದರೆ ಬದಿಯ ಕೆಳ ಬರ್ತನ್ನು ಇಬ್ಬರು ಹಂಚಿಕೊಳ್ಳಬೇಕು. ಎರಡು ರಾತ್ರಿ ಹಾಗೆ ಕಳೆಯುವುದು ವಯಸ್ಸಾದವರಿಗೆ ಹಿಂಸೆ. ಅವರನ್ನು ಆರ್‌ಎಸಿಯಲ್ಲಿ ಕಳಿಸಬೇಡಿ. ಬುಕಿಂಗ್ ಮಾಡುವಾಗ ಅವರ ವಯಸ್ಸನ್ನು ಸರಿಯಾಗಿ ಬರೆಯಿರಿ. 60 ದಾಟಿದವರಿಗೆ, 45 ದಾಟಿದ ಮಹಿಳೆಯರಿಗೆ ಕೆಳ ಬರ್ತ್ ಕೊಡುವುದಕ್ಕೆ ಆದ್ಯತೆಯಿದೆ. ಹಿರಿಯರ ದರ ರಿಯಾಯಿತಿ ಮಾತ್ರ 2020ರ ಮಾರ್ಚ್‌ನಲ್ಲೇ ನಿಂತಿದೆ.

ಬುತ್ತಿ, ಹಾಸಿಗೆ, ಇಳಿಯುವುದು

ಮೊದಲ ರಾತ್ರಿಗೆ ಮೊಸರನ್ನ ಸಾಕು. ಮರುದಿನಕ್ಕೆ ಖಡಕ್ ರೊಟ್ಟಿ, ಚಪಾತಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಳ್ಳಿ. ಕಾಯಿ ಹಾಕಿದ ಪಲ್ಯ ಮೇ ತಿಂಗಳ ಸೆಕೆಗೆ ಹಳಸುತ್ತದೆ, ಬೇಡವೇ ಬೇಡ. ಎಸಿ ಬೋಗಿಯಲ್ಲಿ ಹೊದಿಕೆ, ದಿಂಬು ಕೊಡುತ್ತಾರೆ, ಸ್ಲೀಪರ್‌ನಲ್ಲಿ ಇಲ್ಲ. ಡಿಸೆಂಬರ್-ಜನವರಿಯಲ್ಲಿ ಸ್ಲೀಪರ್ ಹತ್ತುವವರು ಭೋಪಾಲ್ ದಾಟಿದ ಮೇಲಿನ ಚಳಿಗೆ ದಪ್ಪ ಕಂಬಳಿ ಇಟ್ಟುಕೊಳ್ಳಿ. ಆ ತಿಂಗಳುಗಳಲ್ಲಿ ಮಂಜಿನಿಂದ ರೈಲು ಗಂಟೆಗಟ್ಟಲೆ ತಡವಾಗುತ್ತದೆ. ತಲುಪುವ ದಿನ ಪರೀಕ್ಷೆ, ಸಂದರ್ಶನ, ಮುಂದಿನ ರೈಲು ಯಾವುದನ್ನೂ ಇಟ್ಟುಕೊಳ್ಳಬೇಡಿ. ಸೂಟ್‌ಕೇಸಿಗೆ ಸರಪಳಿ-ಬೀಗ ಹಾಕಿ. ಮೂಲ ಗುರುತಿನ ಚೀಟಿ ಕೈಗೆ ಸಿಗುವಂತಿರಲಿ. ತೊಂದರೆಯಾದರೆ 139ಕ್ಕೆ ಕರೆ ಮಾಡಿ.

ಕರ್ನಾಟಕ ಎಕ್ಸ್‌ಪ್ರೆಸ್ ಹೋಗುವುದು ನವದೆಹಲಿ ನಿಲ್ದಾಣಕ್ಕೆ, ರಾಜಧಾನಿ ಮತ್ತು ಗೋವಾ ಎಕ್ಸ್‌ಪ್ರೆಸ್ ಹಜರತ್ ನಿಜಾಮುದ್ದೀನ್‌ಗೆ. ಕರೆದೊಯ್ಯಲು ಬರುವವರಿಗೆ ನಿಲ್ದಾಣದ ಹೆಸರನ್ನು ಮೊದಲೇ ತಿಳಿಸಿ.