ಇಡ್ಲಿಯ ಹಿಟ್ಟು ಮತ್ತು ಚಳಿಗಾಲ

ಪುಷ್ಯಮಾಸದ ಒಂದು ರಾತ್ರಿ ನಾವು ಗುಂಡ್ಲುಪೇಟೆಯ ಬಂಧುಗಳ ಮನೆಯಲ್ಲಿ ತಂಗಿದ್ದೆವು. ಮರುದಿನದ ಇಡ್ಲಿಗೆಂದು ಸಂಜೆಯೇ ಹಿಟ್ಟನ್ನು ರುಬ್ಬಿ ಇಟ್ಟಿದ್ದರು. ಬೆಳಗ್ಗೆ ಮುಚ್ಚಳ ತೆಗೆದು ನೋಡಿದರೆ ಹಿಟ್ಟು ಇಟ್ಟಲ್ಲಿಯೇ ಇದ್ದಿತು, ಒಂದಂಗುಲವೂ ಏರಿರಲಿಲ್ಲ. ಅದನ್ನೇ ಬೇಯಿಸಿದಾಗ ದೊರೆತ ಇಡ್ಲಿಗಳ ವಿಷಯವಾಗಿ ಹೆಚ್ಚು ಹೇಳದಿರುವುದೇ ಲೇಸು. ಅದೇ ದಿನ ಊಟಿಯ ರಸ್ತೆಯಲ್ಲಿನ ಹೋಟೆಲೊಂದರಲ್ಲಿ ತಿಂದ ಇಡ್ಲಿಯಾದರೋ ಅರಳೆಯಂತೆ ಮೃದುವಾಗಿದ್ದಿತು. ಊರು ಒಂದೇ, ರಾತ್ರಿಯೂ ಒಂದೇ. ವಿಚಾರಿಸಿ ನೋಡಲಾಗಿ ಅಕ್ಕಿ ಉದ್ದುಗಳ ಪ್ರಮಾಣವೂ ಹೆಚ್ಚು ಕಡಿಮೆ ಒಂದೇ. ಹಾಗಿದ್ದೂ ಈ ವ್ಯತ್ಯಾಸವೇಕೆ?

ಇದಕ್ಕೆ ಉತ್ತರ ಹುಡುಕುವ ಮುನ್ನ ಪಾತ್ರೆಯೊಳಗೆ ರಾತ್ರಿಯೆಲ್ಲ ನಡೆಯುವುದೇನೆಂಬುದನ್ನು ತಿಳಿಯಬೇಕು. ಉದ್ದಿನ ಬೇಳೆಯ ಮೇಲೂ ಅಕ್ಕಿಯ ಮೇಲೂ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಗಳು ಸಹಜವಾಗಿಯೇ ಇರುತ್ತವೆ. ನೆನೆಸಿ ರುಬ್ಬಿದೊಡನೆ ಇವುಗಳಿಗೆ ನೀರೂ ಆಹಾರವೂ ಒಟ್ಟಿಗೆ ದೊರೆಯುತ್ತವೆ. ಅವು ಹಿಟ್ಟಿನಲ್ಲಿರುವ ಸಕ್ಕರೆಯನ್ನು ಒಡೆದು ಲ್ಯಾಕ್ಟಿಕ್ ಆಮ್ಲವನ್ನೂ ಇಂಗಾಲದ ಡೈ ಆಕ್ಸೈಡ್ ಅನಿಲವನ್ನೂ ಉಂಟುಮಾಡುತ್ತವೆ. ಆಮ್ಲದಿಂದ ಹುಳಿ, ಅನಿಲದಿಂದ ಉಬ್ಬು. ಬ್ರೆಡ್ಡಿನ ಹಿಟ್ಟಿನಂತೆ ಇಡ್ಲಿಯ ಹಿಟ್ಟನ್ನೂ ಉಬ್ಬಿಸುವುದು ಯೀಸ್ಟೇ ಇರಬೇಕೆಂದು ಯಾರಿಗಾದರೂ ತೋರೀತು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕೃಷಿ ಪ್ರಯೋಗ ಕೇಂದ್ರದ ವಿಜ್ಞಾನಿಗಳು, ಮುಖರ್ಜಿ ಮತ್ತು ಸ್ಟೈನ್‌ಕ್ರಾಸ್ ಮೊದಲಾದವರು, 1965ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಉಬ್ಬಿಗೆ ಮುಖ್ಯ ಕಾರಣ ಲ್ಯೂಕೊನಾಸ್ಟಾಕ್ ಮೆಸೆಂಟರಾಯಿಡಿಸ್ ಎಂಬ ಬ್ಯಾಕ್ಟೀರಿಯವೆಂದು ತೋರಿಸಿದರು. ಹುಟ್ಟಿದ ಅನಿಲ ಹಾರಿಹೋಗದಂತೆ ಹಿಡಿದಿಡುವುದು ಉದ್ದಿನ ಕೆಲಸ. ಅದರ ಪ್ರೋಟೀನೂ ಲೋಳೆಯಂತಹ ಪದಾರ್ಥವೂ ಸೇರಿ ಗುಳ್ಳೆಗಳ ಸುತ್ತ ಗಟ್ಟಿಯಾದ ಪೊರೆ ಕಟ್ಟುತ್ತವೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಈ ಗುಣದ ಮೇಲೆ ವಿಶೇಷ ವ್ಯಾಸಂಗ ನಡೆದಿದೆ.

ಪ್ರಾಸಂಗಿಕವಾಗಿ ಒಂದು ಮಾತು. ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿಯೇ ‘ಇಡ್ಡಲಿಗೆ’ಯ ಹೆಸರಿದೆ. ಆದರೆ ಹನ್ನೊಂದನೆಯ ಶತಮಾನದ ‘ಲೋಕೋಪಕಾರ’ವು ಹೇಳುವ ತಿಂಡಿ ಮಜ್ಜಿಗೆಯಲ್ಲಿ ನೆನೆಸಿದ ಉದ್ದಿನದು, ಅದರಲ್ಲಿ ಅಕ್ಕಿಯಿಲ್ಲ. ಇಂದಿನ ಇಡ್ಲಿಯು ನಾವು ಭಾವಿಸುವಷ್ಟು ಹಳೆಯದಲ್ಲವೆಂದಾಯಿತು.

ಬ್ಯಾಕ್ಟೀರಿಯಗಳಿಗೆ ಗಡಿಯಾರದ ಪರಿಚಯವಿಲ್ಲ. ಅವು ಬಲ್ಲದ್ದು ಉಷ್ಣತೆಯೊಂದನ್ನೇ. ಉಷ್ಣತೆಯು 10 ಡಿಗ್ರಿ ಇಳಿದರೆ ಇಂತಹ ಜೀವಕ್ರಿಯೆಗಳ ವೇಗ ಸ್ಥೂಲವಾಗಿ ಅರ್ಧಕ್ಕೆ ಇಳಿಯುವುದು. 30 ಡಿಗ್ರಿ ಸೆಂಟಿಗ್ರೇಡಿನಲ್ಲಿ 9 ಗಂಟೆಗಳಲ್ಲಿ ಹದಕ್ಕೆ ಬರುವ ಹಿಟ್ಟಿಗೆ 20 ಡಿಗ್ರಿಯಲ್ಲಿ 18 ಗಂಟೆಗಳು ಬೇಕಾದಾವು. ಸಂಜೆ ಏಳಕ್ಕೆ ರುಬ್ಬಿ ಬೆಳಗಿನ ಆರಕ್ಕೆ ಬೇಯಿಸಹೊರಟರೆ ಹನ್ನೊಂದೇ ಗಂಟೆಗಳಾದವು. ಅರ್ಧ ದಾರಿಯಲ್ಲಿರುವ ಹಿಟ್ಟನ್ನು ದೂಷಿಸಿ ಪ್ರಯೋಜನವಿಲ್ಲ.

ಇನ್ನು ಊರಿನ ಹವೆಯ ಮಾತು. ಚಾಮರಾಜನಗರವು ಸಮುದ್ರ ಮಟ್ಟದಿಂದ ಸುಮಾರು 660 ಮೀಟರ್ ಎತ್ತರದಲ್ಲಿದೆ. ಗುಂಡ್ಲುಪೇಟೆ 800 ಮೀಟರಿಗೂ ಮೇಲೆ. ಎತ್ತರಕ್ಕೆ ಏರಿದಂತೆ ಗಾಳಿಯು ಕಿಲೋಮೀಟರಿಗೆ ಸುಮಾರು ಆರೂವರೆ ಡಿಗ್ರಿಯಂತೆ ತಣ್ಣಗಾಗುವುದರಿಂದ ಈ ಎರಡು ಊರುಗಳ ನಡುವೆ ಎತ್ತರದಿಂದ ಬರುವ ವ್ಯತ್ಯಾಸ ಒಂದು ಡಿಗ್ರಿಯಷ್ಟೇ. ಅದಕ್ಕಿಂತ ದೊಡ್ಡ ಕಾರಣ ಚಳಿಗಾಲದ ನಿರ್ಮಲವಾದ ಆಕಾಶ. ಮೋಡದ ಹೊದಿಕೆಯಿಲ್ಲದ ರಾತ್ರಿಯಲ್ಲಿ ನೆಲವು ಹಗಲು ಪಡೆದ ಶಾಖವನ್ನೆಲ್ಲ ಆಕಾಶಕ್ಕೆ ಸೂಸಿಬಿಡುವುದು. ಈ ಸೀಮೆಯಲ್ಲಿ ಅಂತಹ ರಾತ್ರಿಗಳ ಉಷ್ಣತೆ 15–16 ಡಿಗ್ರಿಗೆ ಇಳಿಯುವುದುಂಟು. ಏಪ್ರಿಲಿನ ಮಧ್ಯಾಹ್ನದಲ್ಲಾದರೋ ಅದೇ ಅಡುಗೆಮನೆಯಲ್ಲಿ 35 ಡಿಗ್ರಿ! ಒಂದೇ ವಿಧಾನ ವರ್ಷವಿಡೀ ಹೊಂದುವುದಾದರೂ ಹೇಗೆ?

ಈಗ ಹೋಟೆಲಿನ ರಹಸ್ಯಕ್ಕೆ ಬರೋಣ. ಮನೆಯ ಪಾತ್ರೆ ಒಂದೂವರೆ ಲೀಟರಿನದು, ಹೋಟೆಲಿನ ಹಂಡೆ ನಲವತ್ತು ಲೀಟರಿನದು ಎಂದಿಟ್ಟುಕೊಳ್ಳಿ. ಆಕಾರ ಒಂದೇ ಆದರೆ ಹಂಡೆಯ ಉದ್ದ, ಅಗಲ, ಎತ್ತರಗಳು ಪಾತ್ರೆಯವಕ್ಕಿಂತ ಮೂರರಷ್ಟು. ಆಗ ಮೇಲ್ಮೈ ಒಂಬತ್ತರಷ್ಟಾಗುವುದು, ಗಾತ್ರವಾದರೋ ಇಪ್ಪತ್ತೇಳರಷ್ಟು. ಶಾಖವು ಅಡಗಿರುವುದು ಗಾತ್ರದಲ್ಲಿ. ಹೊರಬೀಳುವುದು ಮೇಲ್ಮೈಯ ಮೂಲಕ. ಆದುದರಿಂದ ಹಂಡೆಯ ಹಿಟ್ಟು ಪಾತ್ರೆಯ ಹಿಟ್ಟಿಗಿಂತ ಮೂರು ಪಾಲು ನಿಧಾನವಾಗಿ ತಣಿಯುವುದು. ಇದರ ಮೇಲೆ ಹೋಟೆಲಿನ ಒಲೆ ರಾತ್ರಿ ಬಹಳ ಹೊತ್ತಿನವರೆಗೆ ಉರಿದು ಕೋಣೆಯ ಗೋಡೆಗಳೂ ಬೆಚ್ಚಗಿರುತ್ತವೆ. ಬಂಧುಗಳ ಮನೆಯಲ್ಲಿ ಪಾತ್ರೆಯನ್ನು ಇಟ್ಟಿದ್ದುದು ಕಡಪ ಕಲ್ಲಿನ ಕಟ್ಟೆಯ ಮೇಲೆ. ಶಾಖವನ್ನು ಹೀರುವುದಕ್ಕೆ ಅದಕ್ಕಿಂತ ತಕ್ಕ ಸ್ಥಳವನ್ನು ಅವರು ಹುಡುಕಲಾರದವರಾಗಿದ್ದರು.

ಪಾತ್ರೆಗೆ ಕಂಬಳಿ ಹೊದಿಸುವ ರೂಢಿ ನಮ್ಮಲ್ಲಿದೆ. ಕಂಬಳಿಯೇನೂ ಶಾಖವನ್ನು ಹುಟ್ಟಿಸದು. ಇರುವ ಶಾಖ ಹೋಗುವುದನ್ನು ತಡಮಾಡುವುದಷ್ಟೇ. ತಣ್ಣೀರಿನಲ್ಲಿ ರುಬ್ಬಿದ 20 ಡಿಗ್ರಿಯ ಹಿಟ್ಟಿಗೆ ಕಂಬಳಿ ಹೊದಿಸಿದರೆ ಅದು 20 ಡಿಗ್ರಿಯನ್ನೇ ಭದ್ರವಾಗಿ ಕಾಪಾಡುವುದು! ಮೊದಲು ಹಿಟ್ಟನ್ನು ಬೆಚ್ಚಗೆ ಮಾಡಬೇಕು, ಆಮೇಲೆ ಹೊದಿಸಬೇಕು.

ಎಷ್ಟು ಬೆಚ್ಚಗಿನ ನೀರು ಬೇಕು? ಶಾಲೆಯಲ್ಲಿ ಕಲಿತ ಮಿಶ್ರಣದ ಲೆಕ್ಕವೇ ಸಾಕು. ನೆನೆದ ಅಕ್ಕಿಬೇಳೆಗಳು ಒಂದೂವರೆ ಕಿಲೋ ಇವೆ, ಅವುಗಳ ಉಷ್ಣತೆ 20 ಡಿಗ್ರಿ, ವಿಶಿಷ್ಟೋಷ್ಣ ಸುಮಾರು 0.6 ಎಂದಿರಲಿ. ಅವನ್ನು 30 ಡಿಗ್ರಿಗೆ ಏರಿಸಲು 1.5 × 0.6 × 10, ಅಂದರೆ 9 ಕಿಲೊಕ್ಯಾಲೊರಿ ಶಾಖ ಬೇಕು. ರುಬ್ಬುವಾಗ ಹಾಕುವ ಒಂದು ಲೀಟರ್ ನೀರು ಈ ಶಾಖವನ್ನು ಕೊಟ್ಟು ತಾನೂ 30 ಡಿಗ್ರಿಗೆ ಇಳಿಯಬೇಕಾದರೆ ಅದು ಮೊದಲು 39 ಡಿಗ್ರಿಯಲ್ಲಿರಬೇಕು. ಒರಳುಕಲ್ಲು ತಾನೂ ಸ್ವಲ್ಪ ಶಾಖವನ್ನು ಕುಡಿಯುವುದರಿಂದ ಎರಡು ಮೂರು ಡಿಗ್ರಿ ಹೆಚ್ಚಾಗಿರಲಿ. ಕೈಗೆ ಹಿತವಾದ ಬಿಸಿಯನ್ನು ಮೀರಬಾರದು. ಸುಡುವ ನೀರು ನಾವು ಸಾಕಬೇಕಾದ ಬ್ಯಾಕ್ಟೀರಿಯಗಳನ್ನೇ ಕೊಂದೀತು. ಮಿಕ್ಸಿಯಲ್ಲಿ ರುಬ್ಬುವವರು ಈ ಲೆಕ್ಕವನ್ನು ತಗ್ಗಿಸಿಕೊಳ್ಳಬೇಕು, ಏಕೆಂದರೆ ಅದರ ಅಲಗುಗಳ ಘರ್ಷಣೆಯಿಂದಲೇ ಹಿಟ್ಟು ಬೆಚ್ಚಗಾಗುವುದು. ಅನಂತರ ಪಾತ್ರೆಯನ್ನು 35 ಡಿಗ್ರಿ ನೀರು ತುಂಬಿದ ದೊಡ್ಡ ಪಾತ್ರೆಯೊಳಗಿಟ್ಟು ಎರಡನ್ನೂ ಕೂಡಿಸಿ ಕಂಬಳಿ ಸುತ್ತಿದರೆ ಮನೆಯ ಪಾತ್ರೆಯೂ ಹೋಟೆಲಿನ ಹಂಡೆಯಂತೆ ವರ್ತಿಸುವುದು.

ಬೇಸಗೆಯ ತೊಂದರೆ ಇದಕ್ಕೆ ತದ್ವಿರುದ್ಧ. ಹಿಟ್ಟು ನಡುರಾತ್ರಿಗೇ ಉಬ್ಬಿ, ಬೆಳಗಾಗುವಷ್ಟರಲ್ಲಿ ಕುಸಿದು ಹುಳಿಹಿಡಿಯುವುದು. ಆಗ ತಣ್ಣೀರಿನಲ್ಲಿ ರುಬ್ಬಿ, ಪಾತ್ರೆಗೆ ಒದ್ದೆ ಬಟ್ಟೆ ಸುತ್ತಿ ಗಾಳಿಯಾಡುವ ಕಡೆ ಇಡಬೇಕು. ಒಂದು ಗ್ರಾಮ್ ನೀರು ಆವಿಯಾಗುವಾಗ ಸುಮಾರು 580 ಕ್ಯಾಲೊರಿ ಶಾಖವನ್ನು ಒಯ್ಯುವುದು. ಈ ಸೀಮೆಯ ಒಣಗಾಳಿಯಲ್ಲಿ ಉಪಾಯ ಚೆನ್ನಾಗಿ ಫಲಿಸುವುದು. ಮಂಗಳೂರಿನ ತೇವದ ಗಾಳಿಯಲ್ಲಿ ಅಷ್ಟಾಗಿ ಫಲಿಸದು.

ಹಿಟ್ಟಿನಲ್ಲಿ ಬೆಚ್ಚಗಿಡುವುದು ಕಷ್ಟವಾದರೆ ಬಿಯರಿನಲ್ಲಿ ತಣ್ಣಗಿಡುವುದೇ ಕಷ್ಟ. ಅಲ್ಲಿ ಯೀಸ್ಟು ಒಂದೊಂದು ಲೀಟರಿನಲ್ಲಿಯೂ ನೂರು ಗ್ರಾಮಿನಷ್ಟು ಸಕ್ಕರೆಯನ್ನು ಒಡೆಯುವುದರಿಂದ, ಹುಟ್ಟಿದ ಶಾಖ ಹೊರಗೆ ಹೋಗದಿದ್ದರೆ ದ್ರವವು ತಾನೇ ತಾನಾಗಿ 10 ಡಿಗ್ರಿಗೂ ಮೀರಿ ಬಿಸಿಯಾಗುವುದು. ಲಾಗರ್ ಎಂಬ ಜಾತಿಯ ಬಿಯರಿಗೆ 8ರಿಂದ 13 ಡಿಗ್ರಿಯ ತಂಪು ಬೇಕು. ಏರಿದರೆ ಕಟುವಾದ ಮದ್ಯಸಾರಗಳು ಹುಟ್ಟಿ ವಾಸನೆ ಕೆಡುವುದು. ಜರ್ಮನಿಯ ಬವೇರಿಯದಲ್ಲಿ 1553ರ ಶಾಸನವೊಂದು ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬಿಯರ್ ತಯಾರಿಸುವುದನ್ನೇ ನಿಷೇಧಿಸಿತು. 1870ರ ದಶಕದಲ್ಲಿ ಕಾರ್ಲ್ ಫಾನ್ ಲಿಂಡೆ ತನ್ನ ಶೀತಕ ಯಂತ್ರಗಳನ್ನು ಮೊದಲು ಮಾರಿದ್ದು ಬಿಯರ್ ಕಾರ್ಖಾನೆಗಳಿಗೇ. ನಮ್ಮ ಮನೆಗಳ ರೆಫ್ರಿಜರೇಟರಿನ ವಂಶಾವಳಿಯಲ್ಲಿ ಹುದುಗುವ ಪೀಪಾಯಿಯೂ ಉಂಟೆಂಬುದು ವಿನೋದದ ಸಂಗತಿ.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಒಂದೇ ಹಿಟ್ಟನ್ನು ಮೂರು ಗಾಜಿನ ಲೋಟಗಳಿಗೆ ಅರ್ಧದವರೆಗೆ ತುಂಬಿ ಮಟ್ಟವನ್ನು ಗುರುತು ಮಾಡಿರಿ. ಒಂದನ್ನು ಕಲ್ಲಿನ ಕಟ್ಟೆಯ ಮೇಲೆ, ಒಂದನ್ನು ಬರಿಯ ಕಂಬಳಿಯಲ್ಲಿ, ಮತ್ತೊಂದನ್ನು ಬೆಚ್ಚನೆಯ ನೀರಿನಲ್ಲಿಟ್ಟು ಕಂಬಳಿ ಸುತ್ತಿ ಇಡಿರಿ. ಎರಡು ಗಂಟೆಗೊಮ್ಮೆ ಉಷ್ಣಮಾಪಕವನ್ನು ಹಿಟ್ಟಿನೊಳಗೆ ಇಳಿಸಿ ಉಷ್ಣತೆಯನ್ನೂ ಹಿಟ್ಟಿನ ಮಟ್ಟವನ್ನೂ ಬರೆದುಕೊಳ್ಳಿರಿ. ಕೋಣೆಯ ಗೋಡೆಯ ಮೇಲಿನ ಉಷ್ಣಮಾಪಕವನ್ನು ನೋಡಿ ಬರೆಯಬಾರದು. ಜ್ವರ ನೋಡುವ ಪಾದರಸದ ನಳಿಗೆಯೂ ಇದಕ್ಕೆ ಒದಗದು. ಅದು 35 ಡಿಗ್ರಿಯ ಕೆಳಗಿನದನ್ನು ತೋರಿಸಲಾರದು, ಒಡೆದರೆ ಹಿಟ್ಟನ್ನೆಲ್ಲ ಚೆಲ್ಲಬೇಕಾದೀತು.