ಧಾನ್ಯದ ಬೇರು ಮತ್ತು ಗಾಳಿಯ ಸಾರಜನಕ

ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವಿದೆ. ಆದರೂ ಆ ಗಾಳಿಯಲ್ಲಿಯೇ ತೂಗಾಡುವ ರಾಗಿ, ಜೋಳ, ಭತ್ತದ ಪೈರುಗಳು ಸಾರಜನಕ ಸಾಲದೆ ಹಳದಿಗೆ ತಿರುಗುವುದನ್ನು ನಾವು ಕಾಣುತ್ತೇವೆ. ಇದಕ್ಕೆ ಕಾರಣವೇನು?

ಸಾರಜನಕದ ಅಣುವಿನಲ್ಲಿ ಎರಡು ಪರಮಾಣುಗಳು ಮೂರು ಬಂಧಗಳಿಂದ ಬಿಗಿಯಲ್ಪಟ್ಟಿವೆ. ಒಂದು ಮೋಲ್ ಸಾರಜನಕದ ಬಂಧಗಳನ್ನು ಬಿಡಿಸಲು ಸುಮಾರು 945 ಕಿಲೋಜೂಲ್ ಶಕ್ತಿ ಬೇಕು. ಆಮ್ಲಜನಕಕ್ಕಾದರೆ ಸುಮಾರು 498 ಸಾಕು. ಆದುದರಿಂದಲೇ ಸಾರಜನಕವನ್ನು ಜಲಜನಕದೊಡನೆ ಸಂಯೋಗಗೊಳಿಸಿ ಅಮೋನಿಯವನ್ನು ತಯಾರಿಸುವ ಕಾರ್ಖಾನೆಗಳಲ್ಲಿ, ವೇಗವರ್ಧಕವಿದ್ದರೂ, 400ರಿಂದ 500 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯೂ ವಾಯುಮಂಡಲದ ನೂರು ಪಟ್ಟಿಗೂ ಮೀರಿದ ಒತ್ತಡವೂ ಸಾಮಾನ್ಯವಾಗಿ ಬೇಕಾಗುತ್ತವೆ.

ಕೆಲವು ಬ್ಯಾಕ್ಟೀರಿಯಗಳು ಇದೇ ಕಾರ್ಯವನ್ನು ಮಣ್ಣಿನ ಸಹಜ ಉಷ್ಣತೆಯಲ್ಲಿಯೇ ನೆರವೇರಿಸುತ್ತವೆ. ಅವುಗಳಲ್ಲಿರುವ ನೈಟ್ರೋಜಿನೇಸ್ ಎಂಬ ಕಿಣ್ವವೇ ಇದರ ಗುಟ್ಟು. ಆದರೆ ಇದು ಪುಕ್ಕಟೆಯಾಗಿ ಆಗುವ ಕೆಲಸವಲ್ಲ. ಸಾರಜನಕದ ಒಂದೊಂದು ಅಣುವಿಗೂ, ಜೀವಕೋಶಕ್ಕೆ ಶಕ್ತಿಯನ್ನೊದಗಿಸುವ ಎ.ಟಿ.ಪಿ. ಅಣುಗಳು ಕನಿಷ್ಠ 16 ವ್ಯಯವಾಗುತ್ತವೆ. ಅಷ್ಟು ಶಕ್ತಿ ಬರಬೇಕಾದರೆ ಉಸಿರಾಟ ನಡೆಯಬೇಕು. ಉಸಿರಾಟಕ್ಕೆ ಆಮ್ಲಜನಕ ಬೇಕು. ಆಮ್ಲಜನಕ ತಗುಲಿದರೆ ಕಿಣ್ವವೇ ಕೆಡುತ್ತದೆ! ಅವರೆ, ತೊಗರಿಗಳ ಬೇರಿನ ಗಂಟುಗಳು ಈ ಇಕ್ಕಟ್ಟನ್ನು ಬಿಡಿಸಿಕೊಂಡಿವೆ. ಗಂಟಿನೊಳಗಿನ ಕೆಂಪು ವಸ್ತುವೊಂದು ಆಮ್ಲಜನಕವನ್ನು ಹಿಡಿದು, ಅಳೆದಂತೆ ಹಂಚುತ್ತದೆ.

ಧಾನ್ಯಗಳ ಬೇರಿನಲ್ಲಿ ಇಂತಹ ಗಂಟುಗಳಿಲ್ಲ. ಆದರೂ ಅವುಗಳ ಬಳಿಯೂ ಸಾರಜನಕವನ್ನು ಹಿಡಿಯುವ ಜೀವಾಣುಗಳುಂಟು. 1925ರಲ್ಲಿ ಬೈಜರಿಂಕನು ವರ್ಣಿಸಿದ್ದ ಇಂತಹ ಒಂದು ಜೀವಾಣುವಿನ ಮಹತ್ವವನ್ನು 1970ರ ದಶಕದಲ್ಲಿ ಬ್ರೆಜಿಲ್ ದೇಶದ ಜೊಹಾನ ಡೋಬರೈನರ್ ಎಂಬ ವಿಜ್ಞಾನಿ ಎತ್ತಿ ತೋರಿಸಿದರು. 1978ರಲ್ಲಿ ಅದಕ್ಕೆ ಅಜೋಸ್ಪಿರಿಲಮ್ ಎಂಬ ಹೆಸರಾಯಿತು. ಅದು ಬೇರು ಒಸರುವ ಮ್ಯಾಲಿಕ್ ಆಮ್ಲ ಮೊದಲಾದವನ್ನು ಉಂಡು, ಬಾಲದಂತಹ ಎಳೆಯನ್ನು ತಿರುಗಿಸುತ್ತ, ಆಮ್ಲಜನಕ ಹಿತಮಿತವಾಗಿರುವ ಸ್ಥಳಕ್ಕೆ ಈಜಿಕೊಂಡು ಹೋಗುತ್ತದೆ.

ಹಾಗಾದರೆ ಅದರ ಪುಡಿಯನ್ನು ಬೀಜಕ್ಕೆ ಲೇಪಿಸಿದ ರೈತನು ಗೊಬ್ಬರವನ್ನು ಬಿಟ್ಟುಬಿಡಬಹುದೇ? ಬಿಡಲಾಗದು. ಈ ಜೀವಾಣು ತಾನು ಹಿಡಿದ ಸಾರಜನಕದ ಬಹುಭಾಗವನ್ನು ಬದುಕಿರುವತನಕ ತನ್ನ ದೇಹದಲ್ಲಿಯೇ ಇಟ್ಟುಕೊಳ್ಳುತ್ತದೆ. ಅದರಿಂದ ಪೈರಿಗಾಗುವ ಲಾಭದಲ್ಲಿ ದೊಡ್ಡ ಪಾಲು ಬೇರೆಯೇ ಆಗಿದೆ: ಅದು ಸ್ರವಿಸುವ ಇಂಡೋಲ್ ಅಸೆಟಿಕ್ ಆಮ್ಲದಿಂದ ಬೇರುಗಳು ಕವಲೊಡೆದು, ನೀರನ್ನೂ ಲವಣಗಳನ್ನೂ ಹೆಚ್ಚಾಗಿ ಹೀರುತ್ತವೆ.

ಆದರೂ ಆಸೆಗೆ ಎಡೆಯಿಲ್ಲದಿಲ್ಲ. ಮೆಕ್ಸಿಕೋ ದೇಶದ ಒಹಾಕ ಪ್ರಾಂತದ ಮೆಕ್ಕೆಜೋಳದ ತಳಿಯೊಂದು, ನೆಲದ ಮೇಲಿನ ಬೇರುಗಳಿಂದ ಸಕ್ಕರೆ ತುಂಬಿದ ಲೋಳೆಯನ್ನು ಸುರಿಸುತ್ತದೆ. ಲೋಳೆಯೊಳಗೆ ಆಮ್ಲಜನಕ ವಿರಳ, ಆಹಾರ ಹೇರಳ. ಅಲ್ಲಿ ನೆಲೆಸಿದ ಜೀವಾಣುಗಳಿಂದ ಪೈರಿಗೆ ಬೇಕಾದ ಸಾರಜನಕದಲ್ಲಿ ನೂರಕ್ಕೆ 29ರಿಂದ 82 ಪಾಲು ಗಾಳಿಯಿಂದಲೇ ದೊರೆಯುವುದೆಂದು 2018ರಲ್ಲಿ ಪ್ರಕಟವಾದ ಅಳತೆಗಳು ತೋರಿಸಿವೆ.

ವಿದ್ಯಾರ್ಥಿಗಳು ಅಕ್ಕಡಿ ಸಾಲಿನಿಂದ ಅವರೆಯ ಗಿಡವೊಂದನ್ನೂ ಪಕ್ಕದಿಂದ ರಾಗಿಯ ಪೈರೊಂದನ್ನೂ ಮೆಲ್ಲನೆ ಅಗೆದು, ಬೇರುಗಳನ್ನು ತೊಳೆದು ನೋಡಲಿ. ಅವರೆಯ ಗಂಟನ್ನು ಸೀಳಿದರೆ ಒಳಗೆ ಕೆಂಬಣ್ಣ ಕಾಣುವುದು. ರಾಗಿಯ ಬೇರಿನಲ್ಲಿ ಅದಿಲ್ಲ. ಆ ಕೊರತೆಯನ್ನು ತುಂಬುವ ಬಗೆ ಹೇಗೆಂಬುದೇ ಇಂದು ವಿಜ್ಞಾನಿಗಳ ಮುಂದಿರುವ ಪ್ರಶ್ನೆ.